ವಸ್ತುವೇ ಬೇರೆ, ದರವೇ ಬೇರೆ: ಗಣಕದ ಆಟವೊಂದು ಅಡಿಕೆ ಮಂಡಿಗೆ ಕಲಿಸುವ ಪಾಠ

ಹಿರೇಕೊಡಿಗೆ ಭಾಗದ ಅಡಿಕೆ ವರ್ತಕರೊಬ್ಬರ ಲೆಕ್ಕಪತ್ರಗಳನ್ನು ಪರಿಶೀಲಿಸುತ್ತಿದ್ದಾಗ ದಾಸ್ತಾನಿನ ತೂಕ ಸರಿಹೊಂದಿದರೂ ಮೌಲ್ಯ ಸರಿಹೊಂದಲಿಲ್ಲ. ಗಣಕದಲ್ಲಿ ಅವರು ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲವನ್ನೂ ‘ಅಡಿಕೆ’ ಎಂಬ ಒಂದೇ ಹೆಸರಿನಲ್ಲಿ, ಒಂದೇ ದರದಲ್ಲಿ ದಾಖಲಿಸಿದ್ದರು. ಸಾಲದಕ್ಕೆ, ಬೆಳೆಗಾರರು ಮಾರಿಕೊಡಲೆಂದು ಇಳಿಸಿಹೋಗಿದ್ದ ಚೀಲಗಳೂ ಬ್ಯಾಂಕಿಗೆ ಸಲ್ಲಿಸಬೇಕಾದ ದಾಸ್ತಾನು ವಿವರಣೆಯಲ್ಲಿ ಸೇರಿಕೊಂಡಿದ್ದವು. ವಿವರಣೆ ಬ್ಯಾಂಕಿಗೆ ತಲುಪುವ ಮೊದಲೇ ದೋಷ ಕಂಡುಬಂದದ್ದು ಅವರ ಪುಣ್ಯ.

ಇದಕ್ಕೆ ಪರಿಹಾರ ಸೂಚಿಸಿದವನು, ಆಶ್ಚರ್ಯವೆಂದರೆ, ಗಣಕದ ಆಟಗಳಲ್ಲಿ ಆಸಕ್ತಿಯಿರುವ ಅವರ ಮಗ.

2012ರಲ್ಲಿ ಅರೇನಾನೆಟ್ ಸಂಸ್ಥೆಯು ಬಿಡುಗಡೆ ಮಾಡಿದ ‘ಗಿಲ್ಡ್ ವಾರ್ಸ್ 2’ ಎಂಬ ಆಟದೊಳಗೆ ಸಾವಿರಾರು ಸರಕುಗಳೂ ಅವುಗಳನ್ನು ಕೊಂಡು ಮಾರುವ ಅಂಗಡಿಕಾರರೂ ಇದ್ದಾರೆ. ಈ ಸರಕುಗಳ ವಿವರವನ್ನು ಹೊರಗಿನ ತಂತ್ರಾಂಶಗಳು ಕೇಳಿ ಪಡೆಯಲು ಸಂಸ್ಥೆಯು ಎಪಿಐ ಎಂಬ ನಿಗದಿತ ದ್ವಾರವನ್ನು ಒದಗಿಸಿದೆ. ಅಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಕ್ರಮಸಂಖ್ಯೆ, ಹೆಸರು, ಬಗೆ, ದರ್ಜೆ ಹಾಗೂ ಅಂಗಡಿಕಾರನಿಗೆ ಮಾರಿದರೆ ದೊರೆಯುವ ಮೌಲ್ಯ ಇರುತ್ತವೆ. ಇದರಿಂದ ವರ್ತಕರು ಮೂರು ಪಾಠಗಳನ್ನು ಗ್ರಹಿಸಬಹುದು.

ಮೊದಲನೆಯದು, ವಸ್ತು ಬೇರೆ, ಮಾರಾಟದ ಷರತ್ತು ಬೇರೆ. ಆಟದಲ್ಲಿ ಒಂದೇ ವಸ್ತುವನ್ನು ಒಬ್ಬ ಅಂಗಡಿಕಾರ ನಾಣ್ಯಕ್ಕೂ ಮತ್ತೊಬ್ಬ ಬೇರೊಂದು ಬಗೆಯ ಹಣಕ್ಕೂ ಮಾರಬಹುದು. ಆದ್ದರಿಂದ ಕೊಳ್ಳುವ ಬೆಲೆಯನ್ನು ವಸ್ತುವಿನ ಮೇಲೆಯೇ ಬರೆದಿಟ್ಟರೆ ಅದು ಸುಳ್ಳಾಗುತ್ತದೆ. ಯಾರು, ಯಾವ ವಸ್ತುವನ್ನು, ಎಷ್ಟು, ಯಾವ ಹಣಕ್ಕೆ ಎಂಬುದನ್ನು ಪ್ರತ್ಯೇಕ ಸಾಲಿನಲ್ಲಿಯೇ ಹೇಳಬೇಕು. ಮಂಡಿಯಲ್ಲಿಯೂ ಹಾಗೆಯೇ. ‘ರಾಶಿ’ ಎಂಬುದು ವಸ್ತು. ಇಂದಿನ ದರ ಇಂದಿನ ಲಾಟಿಗೆ ಮಾತ್ರ ಸಂಬಂಧಿಸಿದ್ದು.

ಎರಡನೆಯದು ಅಳತೆಯ ಸ್ಪಷ್ಟತೆ. ಆ ಆಟದಲ್ಲಿ ನೂರು ತಾಮ್ರದ ನಾಣ್ಯಗಳಿಗೆ ಒಂದು ಬೆಳ್ಳಿ, ನೂರು ಬೆಳ್ಳಿಗೆ ಒಂದು ಚಿನ್ನ. ಎಪಿಐ ಮಾತ್ರ ಎಲ್ಲವನ್ನೂ ತಾಮ್ರದಲ್ಲಿಯೇ ಹೇಳುತ್ತದೆ, ಗೊಂದಲಕ್ಕೆ ಆಸ್ಪದವಿಲ್ಲ. ನಮ್ಮಲ್ಲಿ ತೂಕ ಕಿಲೋದಲ್ಲಿ, ದರ ಕ್ವಿಂಟಲಿಗೆ. ಕ್ವಿಂಟಲಿಗೆ 45,000 ರೂಪಾಯಿಯಂತೆ 250 ಕಿಲೋ ಮಾರಿದರೆ ಮೊತ್ತ 1,12,500 ರೂಪಾಯಿ. ಅದೇ ದರವನ್ನು ಕಿಲೋವಿಗೆಂದು ನಮೂದಿಸಿದರೆ 1,12,50,000 ರೂಪಾಯಿ ಆಗುತ್ತದೆ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವರ್ತಕರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಅಲ್ಲಿಯೂ ಪ್ರತಿ ಸರಕಿಗೆ ಎಚ್‌ಎಸ್‌ಎನ್ ಸಂಖ್ಯೆ, ಪ್ರಮಾಣ, ಮಾನ, ದರ ಮತ್ತು ತೆರಿಗೆಯನ್ನು ಬೇರೆಬೇರೆ ಅಂಕಣಗಳಲ್ಲಿ ಯಂತ್ರಕ್ಕೆ ಒಪ್ಪಿಸಬೇಕು. ಅಡಿಕೆಯ ಸಂಖ್ಯೆ 080280. ಹಸಿ ಅಡಿಕೆಗೆ ತೆರಿಗೆಯಿಲ್ಲ, ಒಣ ಅಡಿಕೆಗೆ ಶೇಕಡಾ 5. ಸರಕಿನ ಹೆಸರಿನಲ್ಲಿ ಈ ಭೇದ ಇಲ್ಲದಿದ್ದರೆ ತೆರಿಗೆಯೂ ತಪ್ಪುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಆಟದ ಕೆಲವು ವಸ್ತುಗಳಿಗೆ ಮೌಲ್ಯ ನಮೂದಾಗಿದ್ದರೂ ‘ಮಾರುವಂತಿಲ್ಲ’ ಎಂಬ ಗುರುತು ಜೊತೆಗಿರುತ್ತದೆ. ಮೌಲ್ಯವನ್ನಷ್ಟೇ ಓದಿ ಗುರುತನ್ನು ಓದದ ತಂತ್ರಾಂಶವು ಆಟಗಾರನ ಸಂಪತ್ತನ್ನು ಹೆಚ್ಚಾಗಿ ತೋರಿಸುತ್ತದೆ. ನಮ್ಮ ವರ್ತಕರ ವಿವರಣೆಯಲ್ಲಿ ಆದದ್ದೂ ಇದೇ. ಬೆಳೆಗಾರರ ಚೀಲಗಳಿಗೆ ಬೆಲೆಯಿತ್ತು, ಆದರೆ ಒಡೆತನ ವರ್ತಕರದ್ದಾಗಿರಲಿಲ್ಲ. ಪರರ ಸರಕನ್ನು ತಮ್ಮದೆಂದು ತೋರಿಸಿ ಪಡೆದ ಸಾಲದ ಮಿತಿಯು ತಪಾಸಣೆಯ ದಿನ ನಿಲ್ಲಲಾರದು. ಬೆಳೆಗಾರನ ವಿಶ್ವಾಸವೂ ಉಳಿಯಲಾರದು.

ಈಗ ಆ ಅಂಗಡಿಯ ಗಣಕದಲ್ಲಿ ಪ್ರತಿ ದರ್ಜೆಗೂ ಪ್ರತ್ಯೇಕ ಸಂಖ್ಯೆಯಿದೆ. ದರವು ಮಾರಾಟದ ಸಾಲಿನಲ್ಲಿ ಮಾತ್ರ ಇದೆ. ಪ್ರತಿ ಲಾಟಿನ ಮುಂದೆ ‘ಸ್ವಂತ’ ಅಥವಾ ‘ಬೆಳೆಗಾರರದ್ದು’ ಎಂಬ ಗುರುತಿದೆ. ಇದಕ್ಕಾಗಿ ಅವರು ಹೊಸ ತಂತ್ರಾಂಶವನ್ನೇನೂ ಕೊಳ್ಳಲಿಲ್ಲ. ಎರಡು ಭಾನುವಾರ ತಂದೆ ಮಗ ಇಬ್ಬರೂ ಉಗ್ರಾಣದಲ್ಲಿ ಚೀಲ ಎಣಿಸಿದರು, ಅಷ್ಟೇ.

ಸದಸ್ಯ ಬಾಂಧವರು ಮಾರ್ಚ್ ಅಂತ್ಯದವರೆಗೆ ಕಾಯದೆ ತಮ್ಮ ಸರಕುಪಟ್ಟಿಯನ್ನು ಒಮ್ಮೆ ಈ ಮೂರು ದೃಷ್ಟಿಗಳಿಂದ ಪರಿಶೀಲಿಸಿಕೊಳ್ಳುವುದು ಒಳಿತು.