ದುಡ್ಡು ಹೋಯ್ತು, ಅಂಗಡಿಗೆ ಬರಲಿಲ್ಲ

ಪ್ರಶ್ನೆ: ಗಿರಾಕಿಯ ಖಾತೆಯಿಂದ ಯುಪಿಐ ಹಣ ಕಡಿತವಾಗಿ ಅಂಗಡಿಗೆ ಬಾರದಿದ್ದರೆ ನಷ್ಟ ಯಾರಿಗೆ?

ಉತ್ತರ: ನಿಜಕ್ಕೂ ಕಡಿತವಾಗಿದ್ದರೆ ಇಬ್ಬರಿಗೂ ಅಲ್ಲ. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ, ಅಂಗಡಿಗೆ ಪಾವತಿ ಖಚಿತವಾಗದಿದ್ದರೆ ಹಣ 5 ದಿನದೊಳಗೆ ತಾನಾಗಿಯೇ ಗಿರಾಕಿಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

ಅಂಗಡಿಯವರ ತಲೆನೋವೇ ಬೇರೆ. ಸೌಂಡ್‌ಬಾಕ್ಸ್ ಸದ್ದಿಲ್ಲ, ಗಿರಾಕಿ ಹಸಿರು ಟಿಕ್ ತೋರಿಸುತ್ತಾನೆ, ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ಆ ಟಿಕ್ ನಂಬುವಂತಿಲ್ಲ, ನಕಲಿ ಆ್ಯಪ್‌ಗಳೂ ಅದನ್ನೇ ತೋರಿಸುತ್ತವೆ. ಪಾವತಿಯನ್ನು ಗುರುತಿಸುವ 12 ಅಂಕಿಯ ಯುಟಿಆರ್ ಸಂಖ್ಯೆ ಬರೆದುಕೊಂಡು ಸ್ವಂತ ಖಾತೆಯಲ್ಲಿ ಹುಡುಕಬೇಕು. ಪರಿಚಿತ ಗಿರಾಕಿಯಾದರೆ ಸಾಲದ ಪುಸ್ತಕದಲ್ಲಿ ಬರೆದು ಸಾಮಾನು ಕೊಟ್ಟು ಕಳಿಸುವುದೇ ಜಾಣತನ.

ಹಣ ಮರಳದಿದ್ದರೆ ಗಿರಾಕಿ ಮೊದಲು ಆ್ಯಪ್‌ನಲ್ಲಿ, ಬಳಿಕ ಬ್ಯಾಂಕಿಗೆ ದೂರು ಕೊಡಬೇಕು. ಬ್ಯಾಂಕು 30 ದಿನ ಸುಮ್ಮನಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.