ಮಳೆಗಾಲಕ್ಕೆ ಮುಂಚೆ ಟೈರ್: ಕೊಡಗಿನ ತಿರುವಿಗೆ ಯಾವುದು ಸರಿ?

ಬೈಕ್ ಟೂರಿಂಗ್ ಮಾಡುವವರು ನಾಲ್ಕು ಜನ ಸೇರಿದರೆ ಮಾತು ಎಂಜಿನ್‌ನಿಂದ ಶುರುವಾಗಿ ಸೈಲೆನ್ಸರ್, ಫಾಗ್ ಲೈಟ್, ಪ್ಯಾನಿಯರ್ ಅಂತ ಸಾಗುತ್ತದೆ. ಟೈರ್ ವಿಷಯ ಬರುವುದು ಕೊನೆಗೆ, ಅದೂ ಯಾರಿಗಾದರೂ ಪಂಕ್ಚರ್ ಆಗಿದ್ದರೆ. ಆದರೆ ಜುಲೈ ತಿಂಗಳಲ್ಲಿ ಮಡಿಕೇರಿಯ ತಿರುವೊಂದರಲ್ಲಿ ಬೈಕನ್ನು ರಸ್ತೆಗೆ ಹಿಡಿದಿಟ್ಟಿರುವುದು ಎರಡು ಚಕ್ರಗಳ ಅಡಿಯ, ಒಂದೊಂದೂ ಅಂಗೈಗಿಂತ ಚಿಕ್ಕದಾದ ರಬ್ಬರ್ ಜಾಗ ಮಾತ್ರ. ಉಳಿದದ್ದೆಲ್ಲ ಅದರ ಮೇಲೆ ಕೂತಿರುವ ಭಾರ, ನಾವೂ ಸೇರಿ.

ನನ್ನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್, ಹಳೆಯ 411 ಸಿಸಿ ಮಾಡೆಲ್. ಮುಂದೆ 90/90-21, ಹಿಂದೆ 120/90-17 ಅಳತೆಯ ಟೈರ್. ಕೆಲಸ ಬೆಂಗಳೂರಿನಲ್ಲಿ, ಮನೆ ನಾಪೋಕ್ಲು ಹತ್ತಿರ. ತಿಂಗಳಿಗೆ ಎರಡು ಸಲವಾದರೂ ಊರಿಗೆ ಹೋಗ್ತೀನಿ. ಅಮ್ಮನನ್ನು ಹಿಂದೆ ಕೂರಿಸಿಕೊಂಡು ಮೂರ್ನಾಡು ದಾರಿಯಾಗಿ ಮಡಿಕೇರಿಗೆ, ಡಾಕ್ಟರ್ ಹತ್ತಿರ ಹೋಗಿಬರುವುದೂ ಇದೇ ಬೈಕಿನಲ್ಲಿ. ಈ ಏಪ್ರಿಲ್‌ನಲ್ಲಿ ಎರಡೂ ಟೈರ್ ಬದಲಿಸುವ ಸಮಯ ಬಂತು. ನಮ್ಮ ವೃತ್ತಿಯ ಚಟ ಗೊತ್ತಲ್ಲ, ಎಕ್ಸೆಲ್ ಶೀಟ್ ತೆರೆದೆ. ಬ್ರ್ಯಾಂಡ್, ಬೆಲೆ, ಬಾಳಿಕೆ ಅಂತ ಕಾಲಂ ಹಾಕಿದೆ. ಎರಡು ದಿನ ಕಳೆದ ಮೇಲೆ ಅನ್ನಿಸಿದ್ದು, ಕೇಳಬೇಕಾದ ಮೊದಲ ಪ್ರಶ್ನೆ ‘ಯಾವ ಕಂಪನಿ?’ ಅಲ್ಲ, ‘ಯಾವ ರಸ್ತೆ, ಯಾವ ತಿಂಗಳು?’ ಅಂತ.

ಒಂದೇ ಟೈರ್, ಎರಡು ರಸ್ತೆ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶವಿಲ್ಲ. ನಾವು ಸರ್ವಿಸ್ ರಸ್ತೆಯಲ್ಲೇ ಸಾಗಬೇಕು. ಅದೂ ಹೆಚ್ಚಾಗಿ ನೇರ ರಸ್ತೆ, ಬಿಸಿಲಿಗೆ ಕಾದ ಡಾಂಬರು. ಮೈಸೂರು ದಾಟಿದ ಮೇಲೆ ಹುಣಸೂರು, ಪಿರಿಯಾಪಟ್ಟಣದವರೆಗೂ ದೊಡ್ಡ ತಿರುವುಗಳಿಲ್ಲ. ಇನ್ನೂರು ಕಿಲೋಮೀಟರ್‌ಗೂ ಹೆಚ್ಚು ದೂರ ಹಿಂದಿನ ಟೈರಿನ ನಡುಭಾಗ ಒಂದೇ ಸಮನೆ ಸವೆಯುತ್ತದೆ. ಕುಶಾಲನಗರ ದಾಟಿ, ಆನೆಕಾಡು ಕಳೆದು ಸುಂಟಿಕೊಪ್ಪ ಬಂದ ಮೇಲೆ ರಸ್ತೆಯ ಸ್ವಭಾವವೇ ಬೇರೆ. ಇಲ್ಲಿ ಟೈರಿನ ಬದಿಗಳಿಗೆ ಕೆಲಸ.

ತೊಂದರೆ ಇರುವುದು ಇಲ್ಲೇ. ಬೈಕ್ ಟೈರ್ ದುಂಡಗಿರಬೇಕು. ಬೈಕ್ ವಾಲಿದಾಗ ನಡುವಿನಿಂದ ಬದಿಗೆ ಮೆಲ್ಲಗೆ ಉರುಳಿಕೊಳ್ಳಬೇಕು. ನೇರ ರಸ್ತೆಯಲ್ಲೇ ಸವೆದ ಟೈರ್ ನಡುವೆ ಚಪ್ಪಟೆಯಾಗಿ, ಚಪ್ಪಟೆ ಮುಗಿಯುವ ಕಡೆ ಒಂದು ಅಂಚು ಮೂಡುತ್ತದೆ. ತಿರುವಿನಲ್ಲಿ ಬೈಕ್ ಮೊದಲು ವಾಲಲು ಒಪ್ಪುವುದಿಲ್ಲ, ಆಮೇಲೆ ಆ ಅಂಚು ದಾಟಿ ಒಮ್ಮೆಲೇ ವಾಲುತ್ತದೆ. ಒಣ ರಸ್ತೆಯಲ್ಲಿ ಇದು ಕಿರಿಕಿರಿ ಅಷ್ಟೇ. ಒದ್ದೆ ರಸ್ತೆಯಲ್ಲಿ, ಎದುರಿಗೆ ಬಸ್ ಬರುವಾಗ, ಹಿಂದೆ ಅಮ್ಮ ಕೂತಿರುವಾಗ ಅಪಾಯ.

ಹಾಗಾಗಿ ಟೈರ್ ಸವೆದಿದೆಯೇ ಅಂತ ನೋಡಲು ಚರಡಿಯ ಆಳ ಒಂದನ್ನೇ ನಂಬಬೇಡಿ. ಕಾನೂನಿನ ಪ್ರಕಾರ ದ್ವಿಚಕ್ರ ವಾಹನದ ಟೈರಿನಲ್ಲಿ ಕನಿಷ್ಠ 0.8 ಮಿ.ಮೀ. ಚರಡಿ ಉಳಿದಿರಬೇಕು. ಚರಡಿಯೊಳಗೆ ಸಣ್ಣ ರಬ್ಬರ್ ದಿಬ್ಬಗಳಿರುತ್ತವೆ, ಟೈರಿನ ಮೈ ಅವುಗಳ ಮಟ್ಟಕ್ಕೆ ಬಂದರೆ ಕಥೆ ಮುಗಿಯಿತು. ಕೊಡಗಿನ ಮಳೆಗಾಲಕ್ಕೆ ಇದು ತೀರಾ ತಡವಾಯಿತು ಅನ್ನುವುದು ನನ್ನ ಲೆಕ್ಕ. ಮೇ ತಿಂಗಳಲ್ಲಿ 2 ಮಿ.ಮೀ.ಗಿಂತ ಕಡಿಮೆ ಇದ್ದರೆ ನಾನು ಬದಲಿಸಿಬಿಡ್ತೀನಿ. ಬೈಕನ್ನು ಮೇನ್ ಸ್ಟ್ಯಾಂಡ್‌ಗೆ ಹಾಕಿ, ಹಿಂದೆ ಕೂತು ಟೈರಿನ ಆಕಾರ ನೋಡಿ. ದುಂಡಗೆ ಕಾಣಬೇಕು, ಲಾರಿ ಟೈರಿನ ಹಾಗೆ ಚೌಕ ಅಲ್ಲ.

ಮಳೆಯ ಲೆಕ್ಕವೂ ವಿಚಿತ್ರ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ. ಮೂವತ್ತು ಕಿಲೋಮೀಟರ್ ಕೆಳಗಿನ ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ. ಭಾಗಮಂಡಲದ ಕಡೆ ಹೋದರೆ ಮಡಿಕೇರಿಯೇ ಕಮ್ಮಿ ಅನ್ನಿಸುತ್ತದೆ. ಅಂದರೆ ಒಂದೇ ಗಂಟೆಯಲ್ಲಿ ಒಣ ರಸ್ತೆಯಿಂದ ಪಾಚಿ ಕಟ್ಟಿದ ರಸ್ತೆಗೆ ಬಂದಿರ್ತೀರಿ.

ಬಟನ್ ಟೈರ್ ಮೋಹ

ಹಿಮಾಲಯನ್ ಇರುವವರಿಗೆಲ್ಲ ಒಂದು ಆಸೆ ಇರುತ್ತದೆ: ದೊಡ್ಡ ದೊಡ್ಡ ಗಟ್ಟಿಗಳಿರುವ ಬಟನ್ ಟೈರ್. ನೋಡಲು ಸಖತ್. ಮಾಂದಲಪಟ್ಟಿ ಬೆಟ್ಟದ ಹಿನ್ನೆಲೆಯಲ್ಲಿ ಫೋಟೋ ತೆಗೆದರಂತೂ ಕೇಳುವುದೇ ಬೇಡ. ಗೋಣಿಕೊಪ್ಪದ ಟೈರ್ ಅಂಗಡಿಯ ಕಾಕ ಮಾತ್ರ ನನ್ನ ಪ್ರಶ್ನೆಗೆ ನಕ್ಕುಬಿಟ್ಟರು. “ಅದು ಮಾಂದಲಪಟ್ಟಿ ಜೀಪಿಗೆ ಸರಿ. ನೀವು ದಿನಾ ಓಡ್ಸೋದು ಡಾಂಬರಲ್ಲೇ ಅಲ್ವಾ?”

ಅವರ ಮಾತಿನ ಹಿಂದಿನ ಲೆಕ್ಕ ಸರಳ. ಬಟನ್ ಟೈರಿನಲ್ಲಿ ಗಟ್ಟಿಗಳ ನಡುವೆ ಖಾಲಿ ಜಾಗ ಹೆಚ್ಚು, ಹಾಗಾಗಿ ಡಾಂಬರಿಗೆ ತಾಗುವ ರಬ್ಬರ್ ಕಡಿಮೆ. ಬ್ರೇಕ್ ಹಿಡಿದಾಗ, ವಾಲಿದಾಗ ಆ ಎತ್ತರದ ಗಟ್ಟಿಗಳು ಬಾಗುತ್ತವೆ. ಒಣ ರಸ್ತೆಯಲ್ಲಿ ಸದ್ದು, ಒದ್ದೆ ರಸ್ತೆಯಲ್ಲಿ ಜಾರು. ತೋಟದ ಕೆಸರಿಗಾದರೂ ಆಗುತ್ತದಲ್ಲ ಅಂದರೆ, ನಮ್ಮ ಕೆಂಪು ಮಣ್ಣು ಅಂಟು ಮಣ್ಣು. ಅರ್ಧ ರಸ್ತೆಗೆ, ಅರ್ಧ ಮಣ್ಣಿಗೆ ಅಂತ ಮಾಡಿದ ಟೈರಿನ ಸಂದಿಗಳನ್ನು ಅದು ಹತ್ತೇ ಮಾರಿನಲ್ಲಿ ತುಂಬಿಬಿಡುತ್ತದೆ. ಆಮೇಲೆ ಅದೂ ಬೋಳು ಟೈರೇ. ಅಂಥ ಮಣ್ಣನ್ನು ಕೊಡವಿಕೊಳ್ಳಲು ರೇಸ್ ಬೈಕಿನ ನಿಜವಾದ ಆಫ್‌ರೋಡ್ ಟೈರೇ ಬೇಕು. ಅದನ್ನು ಹಾಕಿಕೊಂಡು ಬೆಂಗಳೂರಿಗೆ ಹೋಗಲಾಗದು.

ನನ್ನ ಓಡಾಟದಲ್ಲಿ ಮಣ್ಣುದಾರಿ ಅಂದರೆ ಮುಖ್ಯ ರಸ್ತೆಯಿಂದ ಮನೆಯ ಅಂಗಳದವರೆಗಿನ ಒಂದೂವರೆ ಕಿಲೋಮೀಟರ್. ಅಲ್ಲಿ ಮೊದಲ ಗೇರ್‌ನಲ್ಲಿ ಕಾಲು ಊರಿಕೊಂಡು ಹೋದರೂ ನಡೆಯುತ್ತದೆ. ಉಳಿದ ಇನ್ನೂರ ಎಪ್ಪತ್ತು, ಎಂಬತ್ತು ಕಿಲೋಮೀಟರ್ ಡಾಂಬರು. ಟೈರ್ ಆರಿಸಬೇಕಾದ್ದು ಅದಕ್ಕೆ. 

ಒದ್ದೆ ಡಾಂಬರಿನಲ್ಲಿ ಕೆಲಸ ಮಾಡುವುದು ಚರಡಿಯ ಚಿತ್ತಾರಕ್ಕಿಂತ ಹೆಚ್ಚಾಗಿ ರಬ್ಬರಿನ ಗುಣ. ತಂಪಿನಲ್ಲೂ ಮೆತ್ತಗಿರುವ ರಬ್ಬರ್ ಡಾಂಬರಿನ ಸಣ್ಣ ತಗ್ಗು–ಉಬ್ಬುಗಳನ್ನು ಹಿಡಿದುಕೊಳ್ಳುತ್ತದೆ. ಹಿಂದೆ ರಬ್ಬರಿಗೆ ಬಲ ಕೊಡಲು ಇಂಗಾಲದ ಕಪ್ಪುಪುಡಿ ಒಂದನ್ನೇ ಬೆರೆಸುತ್ತಿದ್ದರು. 1990ರ ದಶಕದಿಂದ ಸಿಲಿಕಾ ಬೆರೆಸುವುದು ಹೆಚ್ಚಾಯಿತು, ಮಿಶೆಲಿನ್ ಕಂಪನಿ ಇದಕ್ಕೆ ದಾರಿ ತೋರಿಸಿತು. ಒದ್ದೆಯಲ್ಲಿ ಹಿಡಿತ ಹೆಚ್ಚಲು ಅದೂ ಒಂದು ಕಾರಣ. ಮೆತ್ತನೆ ರಬ್ಬರ್ ಬೇಗ ಸವೆಯುತ್ತದೆ, ಅದು ನಿಜ. “ಈ ಟೈರ್ ಮೂವತ್ತು ಸಾವಿರ ಓಡ್ತು” ಅಂತ ಯಾರಾದರೂ ಹೊಗಳಿದರೆ ನಾನು ಕೇಳುವುದು ಒಂದೇ: ಮಳೆಯಲ್ಲಿ ಹೇಗಿತ್ತು?

(ರಬ್ಬರ್ ಅಂದಾಗ ಒಂದು ಮಾತು. ಸಂಪಾಜೆ ಘಾಟಿ ಇಳಿದು ಸುಳ್ಯದ ಕಡೆ ಹೋದರೆ ರಸ್ತೆಯ ಎರಡೂ ಬದಿ ರಬ್ಬರ್ ತೋಟ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಬದುಕು ಕಟ್ಟಿಕೊಟ್ಟದ್ದು ಅಲ್ಲಿನ ಸರ್ಕಾರಿ ರಬ್ಬರ್ ತೋಟಗಳು. ಆ ದಾರಿಯಲ್ಲಿ ಟೈರ್ ಬಗ್ಗೆ ಯೋಚಿಸದೆ ಹೋಗುವುದು ನನಗೀಗ ಕಷ್ಟ.)

ಎಷ್ಟೇ ಒಳ್ಳೆಯ ಟೈರ್ ಇದ್ದರೂ ಕೆಲವಕ್ಕೆ ಮದ್ದಿಲ್ಲ. ತೋಟದಿಂದ ಹೊರಬರುವ ಪಿಕಪ್‌ನ ಚಕ್ರಕ್ಕಂಟಿದ ಕೆಸರು ಡಾಂಬರಿನ ಮೇಲೆ ತೆಳ್ಳಗೆ ಹರಡಿರುತ್ತದೆ. ಸಿಲ್ವರ್ ಓಕ್ ಮರದ ಕೊಳೆತ ಎಲೆ, ತಿರುವಿನಲ್ಲಿ ಲಾರಿ ಚೆಲ್ಲಿದ ಡೀಸೆಲ್, ಬಿಸಿಲೇ ಬೀಳದ ಕಡೆಯ ಹಸಿರು ಪಾಚಿ. ಇಲ್ಲೆಲ್ಲ ಬೈಕ್ ನೆಟ್ಟಗಿರಬೇಕು, ಬ್ರೇಕ್ ಮುಟ್ಟಬಾರದು, ಅಷ್ಟೇ.

ಬದಿಯಲ್ಲಿ ಬರೆದಿರುವುದನ್ನು ಓದಿ

ಟೈರಿನ ಬದಿಯಲ್ಲಿ ‘120/90-17 64S’ ಅಂತ ಇರುತ್ತದೆ. 120 ಅಂದರೆ ಅಗಲ, ಮಿ.ಮೀ.ನಲ್ಲಿ. 90 ಅಂದರೆ ಎತ್ತರ ಅಗಲದ ಶೇ 90, ಅಂದರೆ 108 ಮಿ.ಮೀ. 17 ರಿಮ್ಮಿನ ಇಂಚು. ಅಡ್ಡಗೆರೆಯ ಜಾಗದಲ್ಲಿ R ಇದ್ದರೆ ರೇಡಿಯಲ್. ಹಿಂದೆ ಒಂದು ಬಗೆ, ಮುಂದೆ ಇನ್ನೊಂದು ಬಗೆ ಹಾಕಿಸಬೇಡಿ.

ಹೆಚ್ಚಿನವರು ಬಿಟ್ಟುಬಿಡುವುದು ಕೊನೆಯ ‘64S’ ಅನ್ನು. S ಎಂದರೆ ಗಂಟೆಗೆ 180 ಕಿ.ಮೀ. ವೇಗದವರೆಗೆ. ಅದು ನಮಗೆ ಬೇಕಿಲ್ಲ. 64 ಎಂದರೆ ಆ ಟೈರ್ ಹೊರಬಲ್ಲ ಭಾರ 280 ಕೆ.ಜಿ. ಇದು ಬೇಕು. ನನ್ನ ಬೈಕ್ 199 ಕೆ.ಜಿ., ನಾನು 75, ಅಮ್ಮ 60, ಬ್ಯಾಗು, ಅಕ್ಕಿ, ಕಾಫಿಪುಡಿ ಅಂತ ಇನ್ನೊಂದು 15. ಒಟ್ಟು 349. ಇಬ್ಬರು ಕೂತಾಗ ಇದರಲ್ಲಿ ಹೆಚ್ಚಿನ ಪಾಲು ಹಿಂದಿನ ಚಕ್ರದ ಮೇಲೆ. ನೂರಕ್ಕೆ ಅರವತ್ತೈದು ಅಂತ ಹಿಡಿದರೂ 227 ಕೆ.ಜಿ. ‘ಅಳತೆ ಹತ್ತಿರತ್ತಿರ ಇದೆ, ಬೆಲೆ ಕಮ್ಮಿ’ ಅಂತ 57 ಇರುವ ಟೈರ್ ಹಾಕಿಸಿದರೆ ಅದರ ಮಿತಿಯೇ 230. ಗುಂಡಿಗೆ ಇಳಿದರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಇನ್ನೊಂದು, ನಾಲ್ಕಂಕಿಯ ಪುಟ್ಟ ಸಂಖ್ಯೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. 21 ಇಂಚಿನ ಮುಂದಿನ ಟೈರ್ ನಮ್ಮ ಕಡೆ ದಿನಾ ಖರ್ಚಾಗುವ ಮಾಲಲ್ಲ, ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಕೂತಿರುವ ಸಾಧ್ಯತೆ ಇದೆ. ಒಂದು ಕಡೆ ನನಗೆ ಮೂರು ವರ್ಷ ಹಳೆಯ ಟೈರನ್ನು ‘ಹೊಸದು’ ಅಂತ ತೋರಿಸಿದರು. ಸಂಖ್ಯೆ ಓದಿ ವಾಪಸ್ ಕೊಟ್ಟೆ. ಊರಲ್ಲಿ ಕೊಟ್ಟಿಗೆಯ ಪಕ್ಕ ನಿಂತೇ ಇರುವ ಬೈಕ್‌ಗಳದ್ದೂ ಇದೇ ಸಮಸ್ಯೆ. ಚರಡಿ ಪೂರ್ತಿ ಇರುತ್ತದೆ, ರಬ್ಬರ್ ಮರದ ಹಾಗೆ ಗಟ್ಟಿಯಾಗಿರುತ್ತದೆ. ಹೆಬ್ಬೆರಳ ಉಗುರು ಒತ್ತಿ ನೋಡಿ. ಒಳಗಿಳಿಯದಿದ್ದರೆ, ಬದಿಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಮಳೆಗಾಲಕ್ಕೆ ಅದು ಬೇಡ.

ಗಾಳಿಯ ವಿಷಯಕ್ಕೆ ಬಂದರೆ, ಮಳೆಯಲ್ಲಿ ಗಾಳಿ ಇಳಿಸಿದರೆ ಹಿಡಿತ ಜಾಸ್ತಿ ಅನ್ನುವ ಮಾತು ಎಲ್ಲ ಕಡೆ ಇದೆ. ಕೆಸರಿನಲ್ಲಿ ನಿಜ, ಡಾಂಬರಿನಲ್ಲಿ ಉಲ್ಟಾ. ಗಾಳಿ ಕಮ್ಮಿಯಾದಷ್ಟೂ ಚರಡಿಗಳು ಮುಚ್ಚಿಕೊಂಡು ಟೈರ್ ನೀರಿನ ಮೇಲೆ ತೇಲುವ ವೇಗ ಕೆಳಗಿಳಿಯುತ್ತದೆ. ವಿಮಾನದ ಟೈರ್‌ಗಳ ಮೇಲೆ ನಾಸಾ 1960ರ ದಶಕದಲ್ಲಿ ಮಾಡಿದ ಪ್ರಯೋಗಗಳಿಂದ ಬಂದ ಸೂತ್ರದ ಪ್ರಕಾರ 32 ಪಿಎಸ್‌ಐನಲ್ಲಿ ಆ ವೇಗ ಸುಮಾರು 94 ಕಿ.ಮೀ., 25ಕ್ಕೆ ಇಳಿಸಿದರೆ 83. ಬೈಕ್ ಟೈರ್ ದುಂಡಗಿರುವುದರಿಂದ ಅದು ಇಷ್ಟು ಬೇಗ ತೇಲುವುದಿಲ್ಲ, ಆದರೂ ಲೆಕ್ಕ ಸಾಗುವ ದಿಕ್ಕು ಅದೇ. ಜೊತೆಗೆ ನಮಗೆ ಗೊತ್ತಿಲ್ಲದೆಯೇ ಗಾಳಿ ಇಳಿದಿರುತ್ತದೆ. ಬೆಂಗಳೂರಿನ 33 ಡಿಗ್ರಿ ಮಧ್ಯಾಹ್ನದಲ್ಲಿ ತುಂಬಿಸಿದ ಗಾಳಿ ಮಡಿಕೇರಿಯ 18 ಡಿಗ್ರಿ ಬೆಳಿಗ್ಗೆಗೆ ಎರಡು ಪಿಎಸ್‌ಐನಷ್ಟು ಕಮ್ಮಿ ತೋರಿಸುತ್ತದೆ. ಸರಿಯಾದ ಸಂಖ್ಯೆ ಬೈಕಿನ ಮ್ಯಾನುಯಲ್‌ನಲ್ಲಿದೆ, ಇಬ್ಬರು ಕೂತಾಗಿನದು ಬೇರೆ ಇರುತ್ತದೆ. ಊರಿಗೆ ಬಂದ ಮರುದಿನ ಬೆಳಿಗ್ಗೆ, ಟೈರ್ ತಣ್ಣಗಿರುವಾಗ ನೋಡಿಕೊಳ್ಳಿ.

ಟ್ಯೂಬ್ ಮತ್ತು ಮಾಕುಟ್ಟ

ನನ್ನ ಬೈಕಿನದು ಕಡ್ಡಿ ಚಕ್ರ, ಒಳಗೆ ಟ್ಯೂಬ್. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೆ ಗಾಳಿ ನಿಧಾನಕ್ಕೆ ಹೋಗುತ್ತದೆ, ರಸ್ತೆಬದಿಯಲ್ಲೇ ಪ್ಲಗ್ ಹಾಕಬಹುದು. ಟ್ಯೂಬ್ ಹರಿದರೆ ಒಮ್ಮೆಲೇ ಖಾಲಿ. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಕೇರಳದ ಇರಿಟ್ಟಿ ಕಡೆ ಇಳಿಯುವ ಮಾಕುಟ್ಟ ಘಾಟಿ ಪೂರ್ತಿ ಕಾಡು. ಅಲ್ಲಿ ಪಂಕ್ಚರ್ ಅಂಗಡಿ ಹುಡುಕುವ ಹಾಗಿಲ್ಲ, ಆನೆ ಬಂದರೂ ಬಂತು. ಅದಕ್ಕೇ ಟೈರ್ ಬದಲಿಸುವಾಗ ಟ್ಯೂಬನ್ನೂ ಬದಲಿಸಿ. ಹಿಗ್ಗಿದ ಹಳೆಯ ಟ್ಯೂಬ್ ಹೊಸ ಟೈರಿನೊಳಗೆ ಮಡಚಿಕೊಂಡು ಅಲ್ಲೇ ಹರಿಯುತ್ತದೆ. ರಿಮ್ಮಿನ ಪಟ್ಟಿಯನ್ನೂ ನೋಡಿ, ಕಡ್ಡಿಯ ತುದಿ ಟ್ಯೂಬಿಗೆ ಚುಚ್ಚದಂತೆ ತಡೆಯುವುದು ಅದೇ.

ಹಿಂದಿನದನ್ನು ಮಾತ್ರ ಬದಲಿಸಿ ಮುಂದಿನದನ್ನು ‘ಇನ್ನೊಂದು ವರ್ಷ ಓಡ್ಲಿ’ ಅಂತ ಬಿಡುವ ಅಭ್ಯಾಸ ನಮ್ಮಲ್ಲಿದೆ, ಯಾಕಂದ್ರೆ ಹಿಂದಿನದು ಬೇಗ ಸವೆಯುತ್ತದೆ. ಆದರೆ ಬ್ರೇಕ್ ಹಿಡಿದಾಗ ಭಾರ ಬೀಳುವುದು ಮುಂದಕ್ಕೆ. ಹಿಂದಿನ ಚಕ್ರ ಜಾರಿದರೆ ಸಂಭಾಳಿಸಬಹುದು. ಮುಂದಿನದು ಜಾರಿದರೆ ಯೋಚಿಸಲೂ ಸಮಯ ಸಿಗುವುದಿಲ್ಲ.

ಕೊನೆಗೆ ನನ್ನ ಆಯ್ಕೆ? ವಿದೇಶಿ ಬ್ರ್ಯಾಂಡ್‌ಗಳನ್ನೂ ನೋಡಿದೆ. ಚೆನ್ನಾಗಿವೆ, ಆದರೆ ನಡುವೆ ಒಂದು ಹಾಳಾದರೆ ಕೊಡಗಿನಲ್ಲಿ ಆ ದಿನವೇ ಸಿಗುವುದಿಲ್ಲ, ಮೈಸೂರಿನಿಂದಲೋ ಬೆಂಗಳೂರಿನಿಂದಲೋ ತರಿಸಬೇಕು. ಬೈಕಿನ ಜೊತೆ ಕಂಪನಿಯಿಂದ ಬಂದಿದ್ದ ಸಿಯಾಟ್ ಗ್ರಿಪ್ ಎಕ್ಸ್‌ಎಲ್ ಅನ್ನೇ, ಅದೇ ಅಳತೆಯಲ್ಲಿ, ಕೆಲವೇ ತಿಂಗಳ ಹಿಂದೆ ತಯಾರಾದದ್ದನ್ನು ಹುಡುಕಿ ಎರಡೂ ಕಡೆ ಹಾಕಿಸಿದೆ. ಉಳಿದ ದುಡ್ಡಲ್ಲಿ ಎರಡು ಹೊಸ ಟ್ಯೂಬ್, ಕೈಪಂಪು, ಟೈರ್ ಬಿಚ್ಚುವ ಮೂರು ಸಲಾಕೆ ತಗೊಂಡೆ. ಜೊತೆಗೆ ಒಂದು 21 ಇಂಚಿನ ಟ್ಯೂಬ್ ಬ್ಯಾಗಿನಲ್ಲೇ ಇರುತ್ತದೆ. ತೀರಾ ತುರ್ತಿಗೆ ಅದನ್ನು ಹಿಂದಿನ 17ಕ್ಕೂ ತುರುಕಿ ಹತ್ತಿರದ ಪೇಟೆ ಸೇರಬಹುದು.

ಹೊಸ ಟೈರಿನ ಮೈ ಮೊದಲಿಗೆ ನುಣುಪಾಗಿರುತ್ತದೆ. ಮೊದಲ ನೂರೈವತ್ತು ಕಿಲೋಮೀಟರ್ ಹೆಚ್ಚು ವಾಲಿಸಬಾರದು, ಗಟ್ಟಿಯಾಗಿ ಬ್ರೇಕ್ ಹಿಡಿಯಬಾರದು. ಅದನ್ನು ಒಣ ರಸ್ತೆಯಲ್ಲೇ ಮುಗಿಸಿಕೊಂಡರೆ ಒಳ್ಳೆಯದು. ನಾನು ಮೇ ಮೊದಲ ವಾರ ಹುಣಸೂರಿನಿಂದ ಆನೆಚೌಕೂರು, ತಿತಿಮತಿ ದಾರಿ ಹಿಡಿದು, ಗೋಣಿಕೊಪ್ಪದಲ್ಲಿ ಕಾಕನ ಅಂಗಡಿಯಲ್ಲಿ ಗಾಳಿ ನೋಡಿಸಿಕೊಂಡು ಮನೆಗೆ ಹೋದೆ. ಮಳೆ ಇನ್ನೂ ಮೂರು ವಾರ ದೂರ ಇತ್ತು.