ಧಮನಿಯುಬ್ಬು ಮತ್ತು ಆಯುಷ್ಯದ ಲೆಕ್ಕ

ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ನೆಲೋಗಿ ಜೋಳ, ತೊಗರಿ ಬೆಳೆಯುವ ಸೀಮೆಯ ಊರು. ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಧರ್ಮಸಿಂಗ್ ಅವರು ಹುಟ್ಟಿದ್ದು ಇಲ್ಲಿಯೇ. ಈ ಊರಿನ 72 ವರ್ಷದ ರೈತರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಆಷಾಢದ ಒಂದು ದಿನ ಅವರು ಹೊಟ್ಟೆನೋವೆಂದು ಭೀಮಾ ನದಿಯನ್ನು ದಾಟಿ ಕಲಬುರಗಿಯ ಆಸ್ಪತ್ರೆಯೊಂದಕ್ಕೆ ಬರುತ್ತಾರೆ. ಸ್ಕ್ಯಾನ್ ಯಂತ್ರದಲ್ಲಿ ನೋವಿಗೆ ಕಾರಣವಾದ ಪಿತ್ತಕೋಶದ ಕಲ್ಲುಗಳ ಜೊತೆಗೆ ಬೇರೊಂದು ಸಂಗತಿಯೂ ಕಾಣುತ್ತದೆ. ಬೆನ್ನುಮೂಳೆಯ ಮುಂದೆ ಇಳಿದುಬರುವ ದೊಡ್ಡ ರಕ್ತನಾಳ ಒಂದೆಡೆ ಊದಿಕೊಂಡಿದೆ. ಆ ಊತದ ವ್ಯಾಸ 5.1 ಸೆಂಟಿಮೀಟರು. “ಶಸ್ತ್ರಚಿಕಿತ್ಸೆ ಮಾಡಿದರೆ ಅಪ್ಪ ಉಳಿಯುವರೇ?” ಎಂದು ಮಗ ಕೇಳುತ್ತಾನೆ.

ಪ್ರಶ್ನೆ ಸರಳವಾಗಿದೆ. ಆದರೆ ಅದಕ್ಕೆ ಪ್ರಾಮಾಣಿಕವಾದ ಉತ್ತರ ಕೊಡಲು ವೈದ್ಯರು ಅರ್ಧ ಶತಮಾನಕ್ಕೂ ಮೇಲ್ಪಟ್ಟು ಶ್ರಮಿಸಿದ್ದಾರೆ.

ಹೃದಯದಿಂದ ಹೊರಟು ದೇಹಕ್ಕೆಲ್ಲ ಶುದ್ಧ ರಕ್ತವನ್ನು ಒಯ್ಯುವ ನಾಳವೇ ಮಹಾಪಧಮನಿ. ಹೊಟ್ಟೆಯ ಭಾಗದಲ್ಲಿ ಅದರ ವ್ಯಾಸ ಸಾಮಾನ್ಯವಾಗಿ ಸುಮಾರು 2 ಸೆಂಟಿಮೀಟರು. ಮುಪ್ಪು, ಧೂಮಪಾನ, ಅಧಿಕ ರಕ್ತದೊತ್ತಡ ಮೊದಲಾದ ಕಾರಣಗಳಿಂದ ಅದರ ಗೋಡೆ ಶಿಥಿಲವಾದಾಗ ಸೈಕಲ್ಲಿನ ಹಳೆಯ ಟ್ಯೂಬಿನಂತೆ ಒಂದೆಡೆ ಉಬ್ಬುತ್ತದೆ. ವ್ಯಾಸ 3 ಸೆಂಟಿಮೀಟರಿಗೆ ಮುಟ್ಟಿದರೆ ವೈದ್ಯರು ಅದನ್ನು ಅನ್ಯೂರಿಸಂ ಎನ್ನುತ್ತಾರೆ; ನಾವು ಧಮನಿಯುಬ್ಬು ಎನ್ನೋಣ. ಒಳಗಿನ ಒತ್ತಡ ಅಷ್ಟೇ ಇದ್ದರೂ ನಾಳ ಅಗಲವಾದಷ್ಟೂ ಗೋಡೆಯ ಮೇಲಿನ ಬಿಗಿತ ಹೆಚ್ಚುತ್ತದೆ ಎಂಬುದು ಲಾಪ್ಲಾಸನ ನಿಯಮ. ಆದುದರಿಂದ ಉಬ್ಬು ತಾನಾಗಿ ಇಳಿಯುವುದಿಲ್ಲ. ಅದು ಒಡೆದರೆ, ಆಸ್ಪತ್ರೆ ತಲುಪುವ ಮೊದಲೇ ಸಾಯುವವರನ್ನೂ ಸೇರಿಸಿ, ಹತ್ತು ಜನರಲ್ಲಿ ಸುಮಾರು ಎಂಟು ಜನ ಉಳಿಯುವುದಿಲ್ಲ.

ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನರ ಹೊಟ್ಟೆಯಲ್ಲಿಯೂ ಇಂತಹುದೇ ಉಬ್ಬಿತ್ತು. 1948ರಲ್ಲಿ ರುಡಾಲ್ಫ್ ನಿಸ್ಸೆನ್ ಎಂಬ ಶಸ್ತ್ರವೈದ್ಯರು ಅದರ ಸುತ್ತ ಸೆಲೋಫೇನ್ ಹಾಳೆಯನ್ನು ಸುತ್ತಿದರು. ಅಂದು ಅದಕ್ಕಿಂತ ಉತ್ತಮವಾದ ಉಪಾಯ ಇರಲಿಲ್ಲ. ಐನ್‌ಸ್ಟೈನರು ಮತ್ತೆ ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. 1955ರ ಏಪ್ರಿಲಿನಲ್ಲಿ ಉಬ್ಬು ಒಡೆದಾಗ ಶಸ್ತ್ರಚಿಕಿತ್ಸೆ ಬೇಡವೆಂದರು. ಅಷ್ಟರಲ್ಲಿ, 1951ರಲ್ಲಿಯೇ, ಪ್ಯಾರಿಸ್ಸಿನ ಷಾರ್ಲ್ ದುಬೊ ಉಬ್ಬಿದ ಭಾಗವನ್ನು ಕತ್ತರಿಸಿ ತೆಗೆದು ಬೇರೆ ನಾಳವನ್ನು ಜೋಡಿಸಿ ತೋರಿಸಿದ್ದರು. ಅಮೆರಿಕದ ಮೈಕೇಲ್ ಡಿಬೇಕಿ ಡೇಕ್ರಾನ್ ಬಟ್ಟೆಯಿಂದ ಕೃತಕ ನಾಳಗಳನ್ನು ಹೊಲಿದರು. ಅದೂ ತಮ್ಮ ಪತ್ನಿಯ ಹೊಲಿಗೆ ಯಂತ್ರದಲ್ಲಿ!

ದುರಸ್ತಿ ಸಾಧ್ಯವಾದೊಡನೆ ಹೊಸ ಪ್ರಶ್ನೆ ಎದ್ದಿತು. ಯಾರು ಈ ಶಸ್ತ್ರಚಿಕಿತ್ಸೆಯನ್ನು ತಾಳಿಕೊಂಡಾರು? ಇದಕ್ಕೆಂದು ಹುಟ್ಟಿದ ಲೆಕ್ಕಗಳಲ್ಲಿ 1994ರಲ್ಲಿ ಪ್ರಕಟವಾದ ಗ್ಲಾಸ್ಗೋ ಸೂತ್ರ ಬಹು ಸುಲಭವಾದುದು. ರೋಗಿಯ ವಯಸ್ಸನ್ನು ಬರೆದುಕೊಳ್ಳಬೇಕು. ಹೃದ್ರೋಗವಿದ್ದರೆ 7, ಪಾರ್ಶ್ವವಾಯುವಿನಂತಹ ಮಿದುಳಿನ ರಕ್ತನಾಳದ ರೋಗವಿದ್ದರೆ 10, ಮೂತ್ರಪಿಂಡದ ರೋಗವಿದ್ದರೆ 14, ರಕ್ತದೊತ್ತಡ ಕುಸಿದು ರೋಗಿ ಆಘಾತಸ್ಥಿತಿಯಲ್ಲಿದ್ದರೆ 17 ಅಂಕಗಳನ್ನು ಕೂಡಿಸಬೇಕು. ಬರುವ ಮೊತ್ತ ಶೇಕಡಾವಾರು ಅಲ್ಲ; ಅದು ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂದಷ್ಟೇ ಅರ್ಥ. ನಮ್ಮ ರೈತರ ಮೂತ್ರಪಿಂಡಗಳು ದುರ್ಬಲವಾಗಿವೆ ಎಂದಿಟ್ಟುಕೊಂಡರೆ 72ಕ್ಕೆ 14 ಸೇರಿ 86 ಆಗುತ್ತದೆ. ನಾಳ ಒಡೆದು, ಆಘಾತಸ್ಥಿತಿಯಲ್ಲಿ ನೆಲೋಗಿಯಿಂದ ಬಂದಿದ್ದರೆ ಅದೇ ಮೊತ್ತ 103. ಈ ಸೂತ್ರ ರೋಗಗಳನ್ನೆಲ್ಲ ವರ್ಷಗಳ ನಾಣ್ಯದಲ್ಲಿ ಅಳೆಯುತ್ತದೆ ಎಂಬುದನ್ನು ಗಮನಿಸಿರಿ. ಆಘಾತವೊಂದೇ ಹದಿನೇಳು ವರ್ಷಗಳ ಮುಪ್ಪಿಗೆ ಸಮ.

1996ರಲ್ಲಿ ಬಂದ ಹಾರ್ಡ್‌ಮನ್ ಸೂಚಿ ನಾಳ ಒಡೆದವರಿಗಾಗಿಯೇ ರಚಿತವಾದುದು. 76 ಮೀರಿದ ವಯಸ್ಸು, ಪ್ರಜ್ಞೆ ತಪ್ಪುವುದು, ರಕ್ತಹೀನತೆ, ಮೂತ್ರಪಿಂಡದ ವೈಫಲ್ಯ, ಹೃದಯಕ್ಕೆ ರಕ್ತದ ಕೊರತೆ ಎಂಬ ಐದು ಲಕ್ಷಣಗಳಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಕಂಡವರಲ್ಲಿ ಆ ಅಧ್ಯಯನದಲ್ಲಿ ಒಬ್ಬರೂ ಬದುಕಲಿಲ್ಲ. ಹಾಗಾದರೆ ಅಂಥವರಿಗೆ ಶಸ್ತ್ರಚಿಕಿತ್ಸೆಯೇ ಬೇಡವೆನ್ನಬಹುದೇ? ಇಲ್ಲಿಯೇ ಲೆಕ್ಕದ ಮುಳ್ಳು ಅಡಗಿದೆ. ಮೂರು ಲಕ್ಷಣದವರನ್ನೆಲ್ಲ ವೈದ್ಯರು ಹಿಂದಕ್ಕೆ ಕಳುಹಿಸಿದರೆ ಅವರೆಲ್ಲರೂ ಸಾಯುವುದು ಖಂಡಿತ. ಸೂಚಿ ನಿಜವೆಂದು ಪುಸ್ತಕದಲ್ಲಿ ಬರೆಯಲಾಗುತ್ತದೆ. ಅದು ಸುಳ್ಳಾಗುವ ಅವಕಾಶವೇ ಇಲ್ಲದಂತಾಗುತ್ತದೆ. ಆದರೂ ಪ್ರಯತ್ನ ಮಾಡಿ ನೋಡಿದ ಬೇರೆ ಆಸ್ಪತ್ರೆಗಳಲ್ಲಿ ಅಂಥವರಲ್ಲಿಯೂ ಕೆಲವರು ಬದುಕಿ ಮನೆಗೆ ಹೋದರು. ಗ್ಲಾಸ್ಗೋದ ರೋಗಿಗಳ ಲೆಕ್ಕ ಕಲಬುರಗಿಯ ರೋಗಿಗೆ ಎಷ್ಟರಮಟ್ಟಿಗೆ ಹೊಂದೀತು ಎಂಬುದೂ ಕೇಳಬೇಕಾದ ಪ್ರಶ್ನೆಯೇ. ನಮ್ಮ ಜನರ ಮಹಾಪಧಮನಿ ಸಹಜವಾಗಿಯೇ ಪಾಶ್ಚಾತ್ಯರದಕ್ಕಿಂತ ತುಸು ಕಿರಿದು.

ಸ್ವತಃ ಡಿಬೇಕಿಯವರ ಕಥೆ ಇನ್ನೂ ಸ್ವಾರಸ್ಯಕರವಾಗಿದೆ. 2005ರ ಕೊನೆಯ ದಿನ, ತಮ್ಮ 97ನೆಯ ವಯಸ್ಸಿನಲ್ಲಿ, ಅವರ ಮಹಾಪಧಮನಿಯ ಎದೆಯ ಭಾಗದ ಗೋಡೆ ಸೀಳಿತು. ಅಷ್ಟು ವಯಸ್ಸಿನವರಿಗೆ ಶಸ್ತ್ರಚಿಕಿತ್ಸೆ ಮಾಡಲು ಕೆಲವು ವೈದ್ಯರು ಹಿಂಜರಿದರು. ಆಸ್ಪತ್ರೆಯ ನೀತಿ ಸಮಿತಿ ಸೇರಿ ಚರ್ಚಿಸಬೇಕಾಯಿತು. ಕೊನೆಗೆ 2006ರ ಫೆಬ್ರುವರಿಯಲ್ಲಿ, ಅವರೇ ಬೆಳೆಸಿದ ವಿಧಾನದಿಂದ, ಅವರಿಗೆ ಶಸ್ತ್ರಚಿಕಿತ್ಸೆಯಾಯಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡ ಅವರು 2008ರ ಜುಲೈವರೆಗೆ ಬದುಕಿದರು. ಅಂತಹ ಆರೈಕೆ ಎಲ್ಲರಿಗೂ ದೊರೆಯುವುದಿಲ್ಲ ಎಂಬ ಮಾತನ್ನೂ ಇಲ್ಲಿ ಹೇಳದಿರಲಾಗದು.

ಈ ನಡುವೆ 1990ರಲ್ಲಿ ಅರ್ಜೆಂಟೀನಾದ ಹುವಾನ್ ಪರೋದಿ, ಹೊಟ್ಟೆ ಕೊಯ್ಯದೆ ತೊಡೆಸಂದಿನ ನಾಳದ ಮೂಲಕ ಕೃತಕ ಒಳಕವಚವನ್ನು ಕೂರಿಸಿದರು. 2004ರ ಬ್ರಿಟಿಷ್ ಅಧ್ಯಯನವೊಂದರಲ್ಲಿ ತಿಂಗಳೊಳಗಿನ ಸಾವು ಈ ವಿಧಾನದಲ್ಲಿ ಶೇಕಡಾ 1.7, ಹೊಟ್ಟೆ ತೆರೆಯುವ ವಿಧಾನದಲ್ಲಿ 4.7. ಆದರೆ ಕೆಲವೇ ವರ್ಷಗಳಲ್ಲಿ ಈ ಅಂತರ ಕರಗಿಹೋಯಿತು. ಅಂದರೆ “ಉಳಿಯುವರೇ” ಎಂದು ಕೇಳುವಾಗ ತಿಂಗಳಿಗೋ, ಹತ್ತು ವರ್ಷಕ್ಕೋ ಎಂದೂ ಹೇಳಬೇಕು. ದುರಸ್ತಿಯಾದ ನಾಳ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಮುಂದಿನ ವರ್ಷಗಳಲ್ಲಿ ಬಹುಮಂದಿಯನ್ನು ಒಯ್ಯುವುದು ಹೃದಯದ ಕಾಯಿಲೆ.

ನಮ್ಮ ರೈತರಿಗೆ ವೈದ್ಯರು ಈಗಲೇ ಶಸ್ತ್ರಚಿಕಿತ್ಸೆ ಬೇಡವೆನ್ನುತ್ತಾರೆ. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ, 4ರಿಂದ 5.5 ಸೆಂಟಿಮೀಟರಿನ ಉಬ್ಬಿದ್ದ 1,090 ಜನರಲ್ಲಿ ಕೂಡಲೇ ಶಸ್ತ್ರಚಿಕಿತ್ಸೆ ಪಡೆದವರು ಕಾದು ನೋಡಿದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಗಂಡಸರಲ್ಲಿ 5.5 ಸೆಂಟಿಮೀಟರು ಗಡಿಯಾದುದು ಹೀಗೆ. “ನೂರರಲ್ಲಿ ಇಷ್ಟು ಎನ್ನುತ್ತೀರಿ, ನಮ್ಮಪ್ಪ ಆ ನೂರರಲ್ಲಿ ಎಷ್ಟನೆಯವರು?” ಎಂದು ಮಗ ಕೇಳಿದರೆ ಯಾವ ಸೂತ್ರವೂ ಉತ್ತರಿಸದು. ವೈದ್ಯರು ರಕ್ತದೊತ್ತಡಕ್ಕೆ ಮಾತ್ರೆ ಬರೆದು, ಬೀಡಿಯನ್ನು ಅಂದಿನಿಂದಲೇ ಬಿಡಿಸಿ, ಆರು ತಿಂಗಳ ಅನಂತರ ಮತ್ತೆ ಸ್ಕ್ಯಾನಿಗೆ ಬರಹೇಳುತ್ತಾರೆ. ಅದು ತೊಗರಿಯ ರಾಶಿಯ ಕಾಲ. ರಾಶಿ ಮುಗಿಸಿ ಬರುತ್ತೇವೆಂದು ರೈತರು ಹೇಳುತ್ತಾರೆ. ವೈದ್ಯರು ಚೀಟಿಯ ಮೇಲೆ ಜನವರಿಯ ತಾರೀಖನ್ನು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು ಮಗನ ಕೈಗೆ ಕೊಡುತ್ತಾರೆ.